ಗಡಿಕಲ್ಲಿನಾಚೆಯ ಪ್ರಶಸ್ತಿ

2003ರ ಬೇಸಿಗೆಯ ಹೊತ್ತಿಗೆ ನನ್ನ ಹೆಸರು ಅಚ್ಚಿನಲ್ಲಿ ಬಂದದ್ದು ಎರಡೇ ಸಲ. ಒಂದು ನನ್ನ ಮದುವೆಯ ಲಗ್ನಪತ್ರಿಕೆಯಲ್ಲಿ. ಅದೂ ದೇವರು, ತಾತಂದಿರು, ಸೋದರಮಾವಂದಿರು ಎಲ್ಲರದ್ದೂ ಮುಗಿದ ಮೇಲೆ ಉಳಿದ ಜಾಗದಲ್ಲಿ. ಇನ್ನೊಂದು ‘ಬೆಟ್ಟದ ಬಾಯಾರಿಕೆ’ ಎಂಬ ಪುಸ್ತಕದಲ್ಲಿ.

ಹೆಸರು ಕೇಳಿ ಭಕ್ತಿ ಪುಸ್ತಕ ಅಂದುಕೊಳ್ಳಬೇಡಿ. ಘಟ್ಟದ ರಸ್ತೆಗಳಲ್ಲಿ ಯಾವ ಯಾವ ಬಾರ್ ಚೆನ್ನಾಗಿದೆ, ಎಲ್ಲಿ ಬಿಯರ್ ತಣ್ಣಗಿರುತ್ತದೆ, ಎಲ್ಲಿ ಹೆಂಗಸರು ಮಕ್ಕಳು ಕೂತು ಉಣ್ಣಬಹುದು, ಎಲ್ಲಿ ಬಚ್ಚಲಿಗೆ ಚಿಲಕ ಇದೆ ಎಂದು ಬರೆಯುವ ಪುಸ್ತಕ ಅದು. ಬೆಂಗಳೂರಿನಿಂದ ವರ್ಷಕ್ಕೊಂದು ಸಲ ಬರುತ್ತಿತ್ತು. 2002ರ ಪುಸ್ತಕದಲ್ಲಿ ನಮ್ಮ ಬಗ್ಗೆ ಇದ್ದದ್ದು ಇಷ್ಟೇ: ‘ಹಾನುಬಾಳು ದಾಟಿ ಮೂರು ಮೈಲಿ, ಕಾಡುಗದ್ದೆಯಲ್ಲಿ ಜವರಯ್ಯ ಬಾರ್. ಬಿಯರ್ ಎಲ್ಲ ಕಡೆ ಇರುವಂಥದ್ದೇ. ಗಂಗಾಮಣಿಯವರ ಪೋರ್ಕ್ ಫ್ರೈಗಾಗಿ ಗಾಡಿ ನಿಲ್ಲಿಸಿ.’

ಜವರಯ್ಯ ನನ್ನ ಮಾವ. ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಬಾರು ನಡೆಸುವುದು ನನ್ನ ಗಂಡ ರವಿಚಂದ್ರ, ಅಡುಗೆ ಮನೆ ನನ್ನದು. ಇಪ್ಪತ್ತು ವರ್ಷ ಹೊಗೆ ಕುಡಿದವಳು ನಾನು, ಬೋರ್ಡಿನ ಮೇಲೆ ಮಾವನ ಹೆಸರು. ಅದು ಹೋಗಲಿ ಬಿಡಿ. ಆಲೂರಿನಲ್ಲಿರುವ ನನ್ನ ತಂಗಿ ಸೌಜನ್ಯ ಇದ್ದಾಳಲ್ಲ, ಮೇಷ್ಟ್ರ ಹೆಂಡತಿ, ಅವಳು ತನ್ನ ಮನೆಯ ಗೃಹಪ್ರವೇಶದಲ್ಲಿ ನನ್ನನ್ನು ಪರಿಚಯಿಸುವಾಗ, ‘ನಮ್ಮಕ್ಕ, ಸಕಲೇಶಪುರದ ಕಡೆ ಹೋಟ್ಲು’ ಎಂದಳು. ಬಾರ್ ಎನ್ನುವುದನ್ನು ಪಾಯಸದ ಜೊತೆಗೆ ನುಂಗಿಬಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು.

ಪುಸ್ತಕ ಬಂದಮೇಲೆ ನೋಡಬೇಕಿತ್ತು ಅವಳನ್ನು! ಆ ಹಾಳೆಯ ಜೆರಾಕ್ಸ್ ಮಾಡಿಸಿ ಗಂಡನ ಸ್ಕೂಲಿನವರಿಗೆಲ್ಲ ತೋರಿಸಿದಳಂತೆ. ‘ನಮ್ಮಕ್ಕ ಪುಸ್ತಕದಲ್ಲಿ ಬಂದವ್ಳೆ ಕಣ್ರೀ.’ ನಾನು ನನ್ನ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಧಾರೆ ಸೀರೆಯ ಜೊತೆ ಟ್ರಂಕಿನಲ್ಲಿಟ್ಟಿದ್ದೆ. ಬೇಜಾರಾದಾಗ ತೆಗೆದು ಆ ಮೂರು ಸಾಲು ಓದಿ ಮತ್ತೆ ಇಡುತ್ತಿದ್ದೆ. ನಗುವವರು ನಗಲಿ.

ಇಂಥ ಹೊತ್ತಿಗೆ ಬಂದ ನೋಡಿ, ರಾಜೇಶ ಅನ್ನುವವನು. ‘ಮಿಂಚು ಸೋಡಾ’ ಕಂಪನಿಯ ಏಜೆಂಟು, ಹಾಸನದವನು. ಫೆಬ್ರವರಿ ತಿಂಗಳ ಧೂಳಿನಲ್ಲಿ ಟೈ ಕಟ್ಟಿಕೊಂಡು ಬಂದಿದ್ದ. ನನ್ನ ಗಂಡ ಟೈ ಕಟ್ಟಿದವರು ಏನು ಹೇಳಿದರೂ ತಲೆಯಾಡಿಸುವ ಮನುಷ್ಯ.

“ಅಣ್ಣಾ, ಈ ವರ್ಷ ಆ ಪುಸ್ತಕಕ್ಕೆ ಸ್ಪಾನ್ಸರ್ ನಾವೇ,” ಎಂದ ರಾಜೇಶ. “ಜೊತೆಗೆ ಮಿಂಚು ಗುಣಮಟ್ಟ ಪ್ರಶಸ್ತಿ ಅಂತ ಹೊಸ್ದಾಗಿ ಕೊಡ್ತಾ ಇದೀವಿ. ಪ್ರಶಸ್ತಿ ಬಂದೋರಿಗೆ ಪುಸ್ತಕದಲ್ಲಿ ಹೆಸ್ರಿನ ಪಕ್ಕ ಒಂದು ಲೋಟದ ಗುರ್ತು ಬೀಳುತ್ತೆ.”

“ಪ್ರಶಸ್ತಿ ಬರದಿದ್ದೋರಿಗೆ?” ಎಂದು ಅಡುಗೆ ಮನೆಯಿಂದಲೇ ಕೇಳಿದೆ.

ಅವನು ಟೈ ಸರಿಮಾಡಿಕೊಂಡ. “ಈಗ ನೀವೇ ಯೋಚ್ನೆ ಮಾಡಿ ಅಕ್ಕಾ. ಪುಸ್ತಕದ ಖರ್ಚು ನಮ್ದು. ನಮ್ ಪ್ರಶಸ್ತಿ ಇಲ್ದೋರ ಹೆಸ್ರು ಅದ್ರಲ್ಲಿ ಯಾಕಿರುತ್ತೆ?”

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಟ್ರಂಕಿನಲ್ಲಿದ್ದ ಪುಸ್ತಕ ನೆನಪಾಯಿತು. ಆಮೇಲೆ ಸೌಜನ್ಯಳ ಮುಖ.

ಪ್ರಶಸ್ತಿಗೆ ಏನೇನು ಬೇಕು ಎಂದರೆ, ಮುಂದುಗಡೆ ಅವರ ಫ್ರಿಜ್ ಇರಬೇಕು. ಅವರ ಬೋರ್ಡು ಹಾಕಬೇಕು. ಇಷ್ಟು ವರ್ಷ ಮಾರುತ್ತಿದ್ದ ಕೆಂಚಯ್ಯನ ಗೋಲಿ ಸೋಡಾ ಬಿಟ್ಟು ಅವರದ್ದೇ ಸೋಡಾ ಮಾರಬೇಕು. ಪ್ಲಾಸ್ಟಿಕ್ ಹೊದಿಸಿದ ಮೆನು ಕಾರ್ಡು ಇರಬೇಕು. ಊಟದ ರುಚಿಯ ಬಗ್ಗೆ ಏನಾದರೂ ಇದೆಯಾ ಎಂದು ಕೇಳಿದ್ದಕ್ಕೆ ಅವನು ಹಾಳೆ ಮಗುಚಿ ನೋಡಿ, “ಹ್ಞಾ, ಕೊನೇಲಿ ಐತೆ ಅಕ್ಕಾ, ಐದು ಮಾರ್ಕು,” ಎಂದ. ಒಟ್ಟು ನೂರಕ್ಕೆ ಐದು!

ಬೋರ್ಡು ಬಂತು. ‘ಮಿಂಚು ಸೋಡಾ’ ಎನ್ನುವುದು ಮೊಳದುದ್ದ, ಕೆಳಗೆ ‘ಜವರಯ್ಯ ಬಾರ್’ ಬೆರಳುದ್ದ. ಫ್ರಿಜ್ಜೂ ಬಂತು. ಪರೀಕ್ಷೆ ಮಾಡುವ ಸಾಹೇಬರು ಏಪ್ರಿಲ್ ಹದಿನೇಳು, ಗುರುವಾರ ಬರುತ್ತಾರೆ ಎಂದು ಕಾಗದವೂ ಬಂತು. ನನ್ನ ಗಂಡ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಕೆಂಪು ಗುಂಡು ಸುತ್ತಿದರು. ಕಾಡುಗದ್ದೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ ಏಪ್ರಿಲ್ ತಿಂಗಳಲ್ಲಿ ತಾರೀಖಿಗೆ ಗುಂಡು ಸುತ್ತುತ್ತಾರಾ? ಸುತ್ತಿದರು. ನಾನೂ ನೋಡಿಕೊಂಡು ಸುಮ್ಮನಿದ್ದೆ, ಅದು ನನ್ನ ತಪ್ಪು.

ಯಾಕೆಂದರೆ ಏಪ್ರಿಲ್ ನಮಗೆ ಸುಗ್ಗಿಯ ತಿಂಗಳು. ಯಾವ ದಿನ ಎಂದು ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ಊರ ಹಿರಿಯರು ಕೂತು ತೀರ್ಮಾನ ಮಾಡುತ್ತಾರೆ, ಆಮೇಲೆ ತಮಟೆ ಹೊಡೆದು ಸಾರುತ್ತಾರೆ. ಸಾರಿದ ಮೇಲೆ ಮುಗಿಯಿತು. ಏಳು ದಿನ ಊರಿನ ಗಡಿಯೊಳಗೆ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ, ಮಾಂಸ ಬೇಯಿಸುವಂತಿಲ್ಲ, ಕುಡಿಯುವಂತಿಲ್ಲ. ಒಗ್ಗರಣೆ ಹಾಕುವಂತಿಲ್ಲ. ಮನೆಗೊಬ್ಬರು ಗಡಿ ದಾಟದೆ ಊರಲ್ಲೇ ಇರಬೇಕು. ಆ ಏಳು ದಿನ ನಮ್ಮ ಬಾರಿನಲ್ಲಿ ಬಾಟಲಿಗಳಿಗೆಲ್ಲ ಬಟ್ಟೆ ಮುಚ್ಚಿ, ಬೆಂಚು ಮಾತ್ರ ಹೊರಗೆ ಹಾಕಿರುತ್ತೇವೆ. ಊರವರು ಬಂದು ಕೂತು ಬೆಲ್ಲದ ಕಾಫಿ ಕುಡಿದು ಹೋಗುತ್ತಾರೆ.

ಹದಿನಾಲ್ಕನೇ ತಾರೀಖು ಬೆಳಿಗ್ಗೆ ತಮಟೆ ಕೇಳಿಸಿತು. ನನ್ನ ಗಂಡ ಹಲ್ಲುಜ್ಜುತ್ತಿದ್ದವರು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕ್ಯಾಲೆಂಡರಿನ ಹತ್ತಿರ ಓಡಿದರು.

ರಾಜೇಶನಿಗೆ ಫೋನು ಮಾಡಿದೆವು. “ಆಗಲ್ಲ ಅಣ್ಣಾ, ಡೇಟು ಬೆಂಗ್ಳೂರಲ್ಲಿ ಫಿಕ್ಸ್ ಆಗ್ಬುಟ್ಟೈತೆ. ಅವತ್ತು ಬಿಟ್ರೆ ಮುಂದಿನ ವರ್ಷವೇ,” ಎಂದ.

ಇಡೀ ದಿನ ನನ್ನ ಗಂಡ ಊಟ ಮಾಡಲಿಲ್ಲ. ಸಂಜೆ ರಸ್ತೆಯಲ್ಲಿ ನಿಂತು ಮೋರಿಯ ಕಡೆಗೇ ನೋಡುತ್ತಿದ್ದರು. ನಮ್ಮ ಬಾರಿನಿಂದ ಕೂಗಳತೆಯಲ್ಲಿ ಒಂದು ಹಳ್ಳ, ಅದಕ್ಕೊಂದು ಮೋರಿ. ಮೋರಿಯ ಈಚೆ ಬದಿಗೆ ಊರಿನ ಗಡಿಕಲ್ಲು. ಆಚೆ ಬದಿಗೆ ವೀರಭದ್ರಯ್ಯನವರ ಎಸ್ಟೇಟ್ ಗೇಟು, ಗೇಟಿನ ಪಕ್ಕ ದೊಡ್ಡ ಹಲಸಿನ ಮರ.

“ಗಂಗಾ, ಕಲ್ಲಿನಿಂದಾಚೆ ಸುಗ್ಗಿ ಇಲ್ಲ ಅಲ್ವೇನೇ?”

ಅವರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ತಕ್ಷಣ ಗೊತ್ತಾಯಿತು. “ರೀ, ನಿಮ್ಗೆ ತಲೆ ಕೆಟ್ಟೈತಾ? ಬಾರನ್ನೇ ಹೊತ್ಕೊಂಡು ಹೋಗ್ತೀರಾ?”

“ಬಾರಲ್ಲ ಕಣೇ. ಫ್ರಿಜ್ಜು, ಬೋರ್ಡು, ನಾಕು ಟೇಬ್ಲು, ಒಲೆ. ಒಂದ್ ಟ್ರಾಕ್ಟ್ರು ಸಾಕು.”

“ಊರೋರು ನಗ್ತಾರೆ.”

“ನಗ್ಲಿ. ನಿನ್ ಹೆಸ್ರು ಉಳಿಸಕ್ಕೇ ಅಲ್ವೇನೇ ಇಷ್ಟೆಲ್ಲ ಒದ್ದಾಡ್ತಿರೋದು? ಆ ಪುಸ್ತಕ ತೆಗ್ದು ತೆಗ್ದು ಓದೋದು ನಾನು ನೋಡಿಲ್ಲ ಅನ್ಕೊಂಡಿದೀಯ?”

ಇಪ್ಪತ್ತು ವರ್ಷದಲ್ಲಿ ಆ ಮನುಷ್ಯ ನನಗೆ ಹೇಳಿದ ಅತಿ ದೊಡ್ಡ ಮಾತು ಅದು. ಅಳು ಬಂತು, ಅದಕ್ಕೇ ಇನ್ನಷ್ಟು ಬೈದೆ.

ಗುರುವಾರ ಬೆಳಿಗ್ಗೆ ಟ್ರಾಕ್ಟರ್ ಬಂತು. ಫ್ರಿಜ್ಜಿಗೆ ಹಗ್ಗ ಬಿಗಿದು ನಿಲ್ಲಿಸಿ, ಬೋರ್ಡನ್ನು ಮಲಗಿಸಿ, ನನ್ನ ಗಂಡ ಬರಿಗಾಲಲ್ಲಿ ಟ್ರೇಲರಿನ ಮೇಲೆ ಕೂತು ಹೊರಟರು. ಗಡಿಕಲ್ಲು ದಾಟಿದ ಕೂಡಲೇ ಚೀಲದಿಂದ ಚಪ್ಪಲಿ ತೆಗೆದು ಮೆಟ್ಟಿಕೊಂಡರು. ನಾನು ಮನೆಗೊಬ್ಬರ ಲೆಕ್ಕದಲ್ಲಿ ಊರಲ್ಲೇ ಉಳಿಯಬೇಕಾಯಿತು. ಪೋರ್ಕು ಮಾಡಲು ನಮ್ಮ ಅಡುಗೆಗೆ ಬರುವ ಕೆಂಚಮ್ಮ ಇದ್ದಳು. ಅವಳು ಎಸ್ಟೇಟಿನ ಕೂಲಿಯಾಳುಗಳ ಲೈನುಮನೆಯವಳು, ಗಡಿಯ ಆಚೆಯವಳು, ಅವಳಿಗೆ ಸುಗ್ಗಿಯ ಕಟ್ಟು ಇಲ್ಲ.

“ಅಮ್ಮಾರೆ, ನಿಮ್ಮಂಗೆ ನಂಗೆ ಬರಕಿಲ್ಲ ಕಣ್ರವ್ವಾ,” ಎಂದು ಅವಳು ಮೋರಿಯ ಆಚೆಯಿಂದ ಕೂಗಿದಳು.

“ಮೆಣಸು ಕೊನೇಲಿ ಹಾಕು! ಕೊಬ್ಬು ಬಿಡೋವರ್ಗೂ ಮುಟ್ಬೇಡ!” ಎಂದು ನಾನು ಈಚೆಯಿಂದ ಕೂಗಿದೆ. ಊರಲ್ಲಿ ಅರ್ಧ ಜನ ಜಗಲಿಗೆ ಬಂದು ನಿಂತು ಈ ಅಡುಗೆ ಪಾಠ ಕೇಳಿದರು.

ಹನ್ನೊಂದು ಗಂಟೆಗೆ ಮರದ ಕೆಳಗೆ ಎಲ್ಲ ಸಜ್ಜಾಗಿತ್ತು. ಅಲ್ಲಿ ಕರೆಂಟು ಎಲ್ಲಿಂದ ಬರಬೇಕು? ಸಕಲೇಶಪುರದಿಂದ ಐಸ್ ಗಡ್ಡೆ ತರಿಸಿ ಫ್ರಿಜ್ಜಿನೊಳಗೆ ಹೊಟ್ಟಿನಲ್ಲಿ ಮುಚ್ಚಿಟ್ಟಿದ್ದರು. ಸ್ವಲ್ಪ ಹೊತ್ತಿಗೆ ಸಾಸಿವೆ ಸಿಡಿದ ವಾಸನೆ ಗಾಳಿಯಲ್ಲಿ ತೇಲಿ ಬಂತು. ಹಿರಿಯರ ಪೈಕಿ ಶಿವಯ್ಯಜ್ಜ ಮೂಗೆತ್ತಿಕೊಂಡು ನಮ್ಮ ಜಗಲಿಗೆ ಬಂದರು.

“ಏನ್ ಗಂಗಾ ಇದು?”

“ಗಡಿಯಿಂದಾಚೆ ಅಜ್ಜಾ. ನಂದೇನಿಲ್ಲ.”

“ವಾಸ್ನೆ ಈಚೆ ಬತ್ತಾ ಐತಲ್ಲವ್ವಾ.”

“ಗಾಳಿಗೆ ನೀವೇ ತಮಟೆ ಹೊಡ್ಸಿ ಹೇಳ್ಬೇಕಿತ್ತು,” ಎಂದೆ. ಅಜ್ಜ ನಕ್ಕು, ಬೆಲ್ಲದ ಕಾಫಿ ಕುಡಿದು, ಮತ್ತೊಂದು ಸಲ ಉಸಿರೆಳೆದುಕೊಂಡು ಹೋದರು.

ಆಗಲೇ ಒಂದು ಹಳೆಯ ಬಿಳಿ ಮಾರುತಿ ವ್ಯಾನು ಬಂದು ನಿಂತದ್ದು. ಮೂವತ್ತು ಮೂವತ್ತೈದರ ಒಬ್ಬ ಹೆಂಗಸು, ಜೊತೆಗೆ ಬಿಳಿ ಮೀಸೆಯ ಹಿರಿಯರು. ಇಬ್ಬರೂ ಜಗಲಿ ಹತ್ತಲು ಹೋದರು.

“ಚಪ್ಪಲಿ!” ಎಂದು ಗದರಿದೆ.

ಇಬ್ಬರೂ ಬೆಚ್ಚಿ ಹಿಂದಕ್ಕೆ ಹೋಗಿ ಬಿಚ್ಚಿದರು. ಹಿರಿಯರು ಬೆಂಚಿನ ಮೇಲೆ ಕೂತು, “ಎರಡು ಬಿಯರ್ ಕೊಡಿಯಮ್ಮ,” ಎಂದರು.

“ಇಲ್ಲ.”

“ಸರಿ, ಪೋರ್ಕ್ ಫ್ರೈ?”

“ಅದೂ ಇಲ್ಲ.”

“ಇದು ಜವರಯ್ಯ ಬಾರೇ ತಾನೇ?”

“ಬಾರೇ. ಸುಗ್ಗಿ ಮುಗಿಯೋವರ್ಗೂ ಕುಡಿಯೋದಿಲ್ಲ, ಮಾಂಸ ಇಲ್ಲ, ಒಗ್ಗರಣೆ ಇಲ್ಲ.”

ಹೆಂಗಸು ನಗು ತಡೆದುಕೊಂಡು ಬ್ಯಾಗಿನಿಂದ ಒಂದು ಪುಸ್ತಕ ತೆಗೆದಳು. ನೋಡಿದೆ. ‘ಬೆಟ್ಟದ ಬಾಯಾರಿಕೆ.’ ಅಂಚಿನ ತುಂಬ ಪೆನ್ಸಿಲ್ಲಿನಲ್ಲಿ ಏನೇನೋ ಗೀಚಿತ್ತು.

“ನೀವು ಗಂಗಾಮಣಿಯವರಲ್ವಾ? ಸಾಮಾನ್ಯವಾಗಿ ಊಟ ಮುಗಿಯೋವರೆಗೂ ನಾವು ಹೇಳಲ್ಲ. ಆದ್ರೆ ಇವತ್ತು ಊಟವೇ ಇಲ್ಲವಲ್ಲ, ಅದಕ್ಕೆ ಹೇಳ್ತೀನಿ. ನಾನು ಶಾಲಿನಿ, ಇವರು ಚನ್ನಬಸವಯ್ಯನವರು. ಈ ಪುಸ್ತಕ ನಾವೇ ಮಾಡೋದು.”

ಬಾಯಿಗೆ ಬಂದದ್ದನ್ನು ಕೇಳಿಯೇಬಿಟ್ಟೆ: “ಪ್ರಶಸ್ತಿ ಇಲ್ದೋರ ಹೆಸ್ರು ತೆಗ್ದ್ಹಾಕ್ತೀರಂತಲ್ಲ, ನಿಜಾನಾ?”

“ಯಾರು ಹೇಳಿದ್ದು?”

ರಾಜೇಶ ಹೇಳಿದ್ದನ್ನೆಲ್ಲ ಹೇಳಿದೆ. ಶಾಲಿನಿಯ ಹುಬ್ಬು ಗಂಟಾಯಿತು. “ಅವರು ನಾಲ್ಕು ಪುಟ ಜಾಹೀರಾತು ಕೊಡ್ತಾರೆ, ಕಾಗದದ ಖರ್ಚು ಕೊಡ್ತಾರೆ. ಪ್ರಶಸ್ತಿ ಅವರದ್ದು. ಅದು ಬಂದವರ ಹೆಸರು ಪುಸ್ತಕದಲ್ಲಿದ್ರೆ ಪಕ್ಕದಲ್ಲಿ ಒಂದು ಲೋಟದ ಗುರುತು ಹಾಕ್ತೀವಿ, ಅಷ್ಟೇ. ಯಾರ ಹೆಸರು ಇರಬೇಕು ಅನ್ನೋದು ನಮ್ಮ ನಾಲಿಗೆಗೆ ಬಿಟ್ಟಿದ್ದು.”

“ಅಂದ್ರೆ ಪ್ರಶಸ್ತಿ ಇಲ್ದಿದ್ರೂ…”

“ಗುರುತು ಇರಲ್ಲ. ಹೆಸರು ಇರಬಹುದು.” ಅವಳು ಪುಸ್ತಕ ಮುಚ್ಚಿ ಹೇಳಿದಳು, “ಆದ್ರೆ ಪ್ರತಿ ವರ್ಷ ಹೊಸದಾಗಿ ಬಂದು ತಿಂದೇ ಬರೆಯೋದು. ಹೋದ ವರ್ಷದ ರುಚಿ ನೆನಪಿಟ್ಟುಕೊಂಡು ಬರೆಯಲ್ಲ. ಈ ಕಡೆಗೆ ನಾವು ಮತ್ತೆ ಬರೋದು ಮುಂದಿನ ವರ್ಷವೇ.”

ಆ ಹೊತ್ತಿಗೆ ಸರಿಯಾಗಿ ಮತ್ತೆ ಪೋರ್ಕಿನ ವಾಸನೆ ಬಂತು. ಚನ್ನಬಸವಯ್ಯನವರ ಮೀಸೆ ಅಲುಗಿತು. “ಅಲ್ಲೆಲ್ಲೋ ಮಾಡ್ತಾ ಇದಾರಲ್ಲ?” ಎಂದರು.

ಹೇಳಿಬಿಡಬಹುದಿತ್ತು. ಮೋರಿ ದಾಟಿ ಹೋಗಿ, ಅಲ್ಲಿ ನಮ್ಮದೇ ಫ್ರಿಜ್ಜು, ನಮ್ಮದೇ ಪೋರ್ಕು ಇದೆ ಎಂದು ಕೈತೋರಿಸಿದ್ದರೆ ಆಗಿತ್ತು. ಆದರೆ ಅದು ಕೆಂಚಮ್ಮನ ಕೈ. ಅವಳು ಗಡಿಬಿಡಿಯಲ್ಲಿ ಮೆಣಸು ಮೊದಲೇ ಹಾಕಿರುತ್ತಾಳೆ, ನನಗೆ ವಾಸನೆಯಲ್ಲೇ ಗೊತ್ತಾಗಿತ್ತು. ಅದನ್ನು ತಿಂದು ಗಂಗಾಮಣಿಯ ಹೆಸರು ಬರೆದರೆ ಸುಳ್ಳು, ಕೆಟ್ಟದಾಗಿ ಬರೆದರೆ ಇನ್ನೂ ಅನ್ಯಾಯ. ಒಳಗೆ ಹೋಗಿ ಸಾಸಿವೆ ಡಬ್ಬಿ ಹಿಡಿದು ನಿಂತೆ. ಊರೊಳಗೆ ಹೇಗೂ ವಾಸನೆ ತುಂಬಿದೆ, ನಾನೂ ಒಂದು ಚಿಟಿಕೆ ಸಿಡಿಸಿದರೆ ಯಾರಿಗೆ ಗೊತ್ತಾಗುತ್ತದೆ? ಒಲೆಯ ಮೇಲಿದ್ದ ನಮ್ಮ ಮನೆಯ ಸಾರಿಗೆ ಅಷ್ಟು ಜೀವ ಬರುತ್ತದೆ. ಹೆಸರು ಉಳಿಯುತ್ತದೆ. ಸುಳ್ಳು ಯಾಕೆ ಹೇಳಲಿ, ಮುಚ್ಚಳ ತೆಗೆದಿದ್ದೆ.

ಹೊರಗಿನಿಂದ ಚನ್ನಬಸವಯ್ಯನವರ ದನಿ ಕೇಳಿಸಿತು: “ಬರಿಗಾಲಲ್ಲಿ ಮಣ್ಣು ಎಷ್ಟು ತಂಪಾಗಿದೆ ನೋಡಮ್ಮ.” ನಾನು ಗದರಿಸಿದ್ದಕ್ಕೆ ಅಷ್ಟು ದೊಡ್ಡವರು ತೆಪ್ಪಗೆ ಚಪ್ಪಲಿ ಬಿಚ್ಚಿದ್ದರು. ಅವರಿಗೆ ಕಟ್ಟು ಹೇಳಿ, ನಾನು ಒಳಗೆ ಕಳ್ಳತನ ಮಾಡುವುದೇ? ನನ್ನ ಮೇಲೆ ನನಗೇ ಸಿಟ್ಟು ಬಂತು. ಡಬ್ಬಿಯನ್ನು ಕೈಗೆ ಎಟುಕದ ಅಟ್ಟಕ್ಕೆ ಎಸೆದೆ.

“ಇರೋದು ಹಾಕ್ತೀನಿ, ಉಣ್ಣಿ. ಬರೀತೀರೋ ಬಿಡ್ತೀರೋ ನಿಮ್ಗೆ ಬಿಟ್ಟಿದ್ದು,” ಎಂದು ಬಾಳೆ ಎಲೆ ಹಾಕಿದೆ.

ಇದ್ದದ್ದು ಏನು? ಹಬೆಯಾಡುವ ಅಕ್ಕಿ ಕಡುಬು. ಕಾಯಿ ಅರೆದು ಹಾಕಿದ ಹಲಸಂದೆ ಕಾಳಿನ ಸಾರು. ಎಳೆ ಹಲಸಿನಕಾಯಿ ಬೇಯಿಸಿ ಕಲ್ಲಿನಲ್ಲಿ ಕುಟ್ಟಿದ ಪಲ್ಯ. ಸೂಜಿಮೆಣಸಿನ ಹಸಿ ಚಟ್ನಿ. ಎಲ್ಲವೂ ಒಗ್ಗರಣೆ ಇಲ್ಲದ್ದು. ಕೊನೆಗೆ ಕಡುಬಿನ ಮೇಲೆ ತೋಟದ ಜೇನು, ಒಂದು ಲೋಟ ಮಜ್ಜಿಗೆ. ಇಬ್ಬರೂ ಮಾತಾಡದೆ ಉಂಡರು. ಚನ್ನಬಸವಯ್ಯನವರು ಚಟ್ನಿ ತಿಂದು ಕಣ್ಣು ಮೂಗು ಒರೆಸಿಕೊಂಡು ಮತ್ತೆ ಎಲೆ ಮುಂದೆ ಮಾಡಿದರು. ಚೆನ್ನಾಗಿದೆ ಎಂದೂ ಹೇಳಲಿಲ್ಲ, ಚೆನ್ನಾಗಿಲ್ಲ ಎಂದೂ ಹೇಳಲಿಲ್ಲ. ಶಾಲಿನಿ ಪೆನ್ಸಿಲ್ಲಿನಲ್ಲಿ ನಾಲ್ಕು ಗೀಟು ಗೀಚಿಕೊಂಡು, ದುಡ್ಡು ಕೊಟ್ಟು, ಕೈಮುಗಿದು ಹೊರಟಳು. ವ್ಯಾನು ತಿರುಗಿದ ಮೇಲೆ ನಾನು ಜಗಲಿಯಲ್ಲಿ ಕೂತು ಚೆನ್ನಾಗಿ ಅತ್ತುಬಿಟ್ಟೆ. ಬಾರಿನ ಪುಸ್ತಕದವರಿಗೆ ಹಲಸಂದೆ ಸಾರು ಬಡಿಸಿ ಕಳಿಸಿದ್ದೆನಲ್ಲ!

ಮೂರು ಗಂಟೆಗೆ ಟ್ರಾಕ್ಟರ್ ವಾಪಸು ಬಂತು. ಗಡಿಕಲ್ಲಿನ ಹತ್ತಿರ ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ನನ್ನ ಗಂಡ ಓಡಿಬಂದರು. “ಬಂತು ಕಣೇ! ನೂರಕ್ಕೆ ತೊಂಬತ್ನಾಕು!”

“ಪೋರ್ಕ್ ಹೆಂಗಿತ್ತಂತೆ?”

ಅವರು ತಲೆ ಕೆರೆದುಕೊಂಡರು. “ಸಾಹೇಬ್ರು ಪೋರ್ಕ್ ತಿನ್ನಲ್ವಂತೆ. ಹೋಗೋ ಆತುರದಲ್ಲಿ ಐದಕ್ಕೆ ಐದು ಹಾಕ್ಬುಟ್ರು.”

ಪುಸ್ತಕದವರು ಬಂದು ಹೋದ ವಿಷಯ ಹೇಳಿದೆ. ಅವರ ಮುಖದಲ್ಲಿದ್ದ ನಗು ಇಳಿದುಹೋಯಿತು. ಬಂದು ನನ್ನ ಪಕ್ಕ ಕೂತರು. ಆಮೇಲೆ, “ನೀನು ಮಾಡಿದ್ದೇ ಸರಿ ಕಣೇ,” ಎಂದರು, ಅಷ್ಟೇನೂ ಧೈರ್ಯವಿಲ್ಲದ ದನಿಯಲ್ಲಿ.

ಜೂನ್ ಕಳೆಯಿತು, ಜುಲೈ ಕಳೆಯಿತು, ಪ್ರಶಸ್ತಿಯ ಫಲಕ ಬರಲೇ ಇಲ್ಲ. ವಿಚಾರಿಸಿದರೆ ಅದು ಯಾವಾಗಲೋ ಬಂದಿತ್ತು, ವೀರಭದ್ರಯ್ಯನವರ ಎಸ್ಟೇಟಿಗೆ! ಸಾಹೇಬರು ಫಾರಂ ತುಂಬುವಾಗ ತಲೆಯೆತ್ತಿ ನೋಡಿದ್ದಾರೆ, ಎದುರಿಗೆ ಎಸ್ಟೇಟಿನ ಹೆಸರು ಕಂಡಿದೆ, ಅದನ್ನೇ ಹೆಸರು, ವಿಳಾಸ ಅಂತ ಬರೆದಿದ್ದಾರೆ. ನನ್ನ ಗಂಡ ಜನ್ಮದಲ್ಲಿ ಯಾವ ಕಾಗದ ಓದಿ ಸಹಿ ಹಾಕಿದ್ದಾರೆ? ಹಿತ್ತಾಳೆಯ ಫಲಕವನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕಾಫಿ ಗೋದಾಮಿನ ಬಾಗಿಲಿಗೆ ಹೊಡೆಸಿದ್ದರು. ಕೇಳಲು ಹೋದರೆ, “ನಮ್ ಹೆಸ್ರಿಗೇ ಬಂದೈತಲ್ಲ ಮಾರಾಯ,” ಎಂದರು.

ದಸರಾ ರಜದಲ್ಲಿ ಪುಸ್ತಕ ಬಂತು. ಬಿಡಿಸಲು ನನಗೆ ಕೈ ಬರಲಿಲ್ಲ. ಗಂಡನ ಕೈಗೆ ಕೊಟ್ಟು ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತೆ. ಅವರು ಮೊದಲು ಕೊನೆಯ ಪುಟದಲ್ಲಿದ್ದ ಪ್ರಶಸ್ತಿಯ ಪಟ್ಟಿ ಓದಿದರು. ‘ವೀರಭದ್ರಯ್ಯ ಎಸ್ಟೇಟ್ ಗೇಟ್, ಕಾಡುಗದ್ದೆ. ಈ ಪಟ್ಟಿ ಪ್ರಾಯೋಜಕರು ಕೊಟ್ಟದ್ದು. ನಾವು ಒಬ್ಬರನ್ನು ಕಳಿಸಿ ಹುಡುಕಿಸಿದೆವು. ಅಲ್ಲಿ ಒಂದು ಹಲಸಿನ ಮರ ಮತ್ತು ಮೂರು ಒಲೆಗಲ್ಲು ಇವೆ.’

ನನಗೆ ನಗು ಬರಲಿಲ್ಲ. “ಒಳಗಡೆ ನೋಡ್ರೀ,” ಎಂದೆ.

ಹಾಳೆ ಮಗುಚುವ ಸದ್ದು. ಮತ್ತೊಂದು ಹಾಳೆ, ಇನ್ನೊಂದು ಹಾಳೆ.

“ಇಲ್ವಾ?” ಎಂದು ಕೇಳಿದೆ.

ಅವರು ಮಗ್ಗಿ ಹೇಳುವವರ ಹಾಗೆ ಜೋರಾಗಿ ಓದಿದರು: “ಜವರಯ್ಯ ಬಾರ್, ಕಾಡುಗದ್ದೆ. ನಾವು ಹೋದ ದಿನ ಬಿಯರ್ ಇರಲಿಲ್ಲ, ಮಾಂಸ ಇರಲಿಲ್ಲ, ಒಗ್ಗರಣೆ ಕೂಡ ಇರಲಿಲ್ಲ. ಗಂಗಾಮಣಿಯವರು ಇದ್ದರು. ಅಷ್ಟು ಸಾಕಾಯಿತು.”

ಪಕ್ಕದಲ್ಲಿ ಲೋಟದ ಗುರುತು ಇರಲಿಲ್ಲ. ಆ ಜಾಗದಲ್ಲಿ ಬೆರಳಿಟ್ಟುಕೊಂಡು ನನ್ನ ಗಂಡ ಮತ್ತೊಂದು ಸಲ ಓದಿದರು, ಆಮೇಲೆ ಇನ್ನೊಂದು ಸಲ. ನಾನು ಹೊಗೆಯ ನೆಪ ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಅವತ್ತು ಒಲೆ ಹಚ್ಚಿರಲೇ ಇಲ್ಲ.

ಪುಸ್ತಕದಲ್ಲಿ ಮಾನ ಹೋದ ಸಿಟ್ಟಿಗೆ ಆ ವಾರವೇ ಸೋಡಾ ಕಂಪನಿಯವರು ಫ್ರಿಜ್ಜು, ಬೋರ್ಡು ಎಲ್ಲ ವಾಪಸು ಹೊತ್ತುಕೊಂಡು ಹೋದರು. ಕೆಂಚಯ್ಯನ ಗೋಲಿ ಸೋಡಾ ಮತ್ತೆ ಬಂತು. ಖಾಲಿಯಾದ ಗೋಡೆಗೆ ಹಾನುಬಾಳಿನಿಂದ ಪೇಂಟರನ್ನು ಕರೆಸಿ ಹೊಸ ಬೋರ್ಡು ಬರೆಸಿದರು ನನ್ನ ಗಂಡ, ನನ್ನನ್ನು ಒಂದು ಮಾತೂ ಕೇಳದೆ. ಹೊರಗೆ ಬಂದು ನೋಡುತ್ತೇನೆ, ‘ಜವರಯ್ಯ ಬಾರ್’ ಎನ್ನುವುದರ ಕೆಳಗೆ ‘ಅಡುಗೆ: ಗಂಗಾಮಣಿ’ ಎಂದಿದೆ, ಸ್ವಲ್ಪ ಸಣ್ಣಕ್ಷರದಲ್ಲಿ.

ಪೇಂಟರು ಏಣಿ ಇಳಿಯುತ್ತಿದ್ದ. ಅಲ್ಲೇ ತಡೆದು ಮತ್ತೆ ಹತ್ತಿಸಿದೆ. ಎರಡೂ ಒಂದೇ ಅಳತೆ ಆಗುವವರೆಗೂ ಇಳಿಯಲು ಬಿಡಲಿಲ್ಲ.